ಎರಡು ಚಿಪ್ಪು

ಗ್ರಿಮ್ಸ್‌ಬಿ ಬಂದರಿನ ಬೆನ್ನಿಗಂಟಿದ ನಮ್ಮ ಕಚೇರಿಯಲ್ಲಿ
ಮೂರು ಲ್ಯಾಪ್‌ಟಾಪು, ಮೂರೂ ಕಪ್ಪು,
ಹಾಜರಿ ಕೂಗಲು ಕಾದ ಹುಡುಗರ ಹಾಗೆ ಮೇಜಿನ ಮೇಲೆ.
ನಲವತ್ತು ಬೇಕು. ಆರಿಸುವವಳು ನಾನು.
ಈ ಮೀನು ಕಂಪನಿಯ ಖರೀದಿ ವಿಭಾಗದಲ್ಲಿ
ನಾನೆಂದರೆ ಒಂದು ಕುರ್ಚಿ, ಒಂದು ಸ್ಪ್ರೆಡ್‌ಶೀಟು,
ಮತ್ತು ಮೀನು ತಿನ್ನದವಳು ಎಂಬ ಹಳಸಿದ ತಮಾಷೆ.

ಲೆಕ್ಕದ ನೈಜೆಲ್ ಬಂದ. ಯಾವುದನ್ನೂ ಮುಟ್ಟಲಿಲ್ಲ.
ಬಗ್ಗಿ ಸ್ಟಿಕ್ಕರ್ ಓದಿದ:
"ಏಳು ದೊಡ್ಡದೋ, ಐದು ದೊಡ್ಡದೋ?"
ಏಳೇ ದೊಡ್ಡದು ನೈಜೆಲ್, ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದಾರೆ.
ಆದರೆ ಆ ಏಳನ್ನು ಕೂಡಿಹಾಕಿದ ಮನೆ ನೋಡು,
ಹಪ್ಪಳದಷ್ಟು ತೆಳು. ಒಳಗಿನ ಫ್ಯಾನು
ತುಂಬಿದ ಬಸ್ಸಿನಲ್ಲಿ ಯಾರೋ ಟಿಕೆಟ್ಟಿನಿಂದ ಗಾಳಿ ಹಾಕಿಕೊಂಡಂತೆ.
ಹತ್ತು ನಿಮಿಷ ಓಡುತ್ತದೆ ಕುದುರೆ.
ಆಮೇಲೆ ಮೈ ಕಾದು, ತನ್ನ ಲಗಾಮು ತಾನೇ ಎಳೆದುಕೊಂಡು
ಐದರ ಹಿಂದೆ ನಡೆಯುತ್ತದೆ.
ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ
ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ
"ಬಿಸಿಯಾಗುತ್ತದೆ" ಅಂದೆ.
ಅವನು ತಲೆಯಾಡಿಸಿ
ಏಳರ ಮುಂದೆ ಸರಿ ಗುರುತು ಹಾಕಿದ.

ಮಾತು ಸಿಕ್ಕಿಕೊಂಡದ್ದು ಇಲ್ಲೇ.
ಇವರ ಚಿಪ್ ನನ್ನ ಬಾಯಿಗೆ ಬಂದರೆ
ಬಾಲಕ್ಕೊಂದು ಉಕಾರ ಹತ್ತಿಸಿಕೊಂಡು ಚಿಪ್ಪು ಆಗುತ್ತದೆ.
ಚಿಪ್ಪು ನಮ್ಮಲ್ಲಿ ಹೊರಗಿನದು,
ಆಮೆಯದು, ತೆಂಗಿನದು,
ಒಳಗಿನ ಮೆತ್ತನೆಯದನ್ನು ಕಾಯುವಂಥದ್ದು.
ಇವರದು ಒಳಗೆ ಕೂತು ಲೆಕ್ಕ ಮಾಡುತ್ತದೆ,
ಉಗುರಿನಷ್ಟು ಗಾತ್ರ, ಜಮೀನ್ದಾರನ ಪಾಲು.
ಯಾವ ಚಿಪ್ಪಿಗೆ ದುಡ್ಡು ಕೊಡಲಿ?

ಬೆಳಗಿನ ಆರಕ್ಕೆ ಮೂರನ್ನೂ ತಳ್ಳುಗಾಡಿಯಲ್ಲಿಟ್ಟು
ತಣ್ಣನೆಯ ಹಾಲಿಗೆ ಹೋದೆ, ಲಿನೆಟ್ ಡೌಸ್ ಹತ್ತಿರ.
ಮೂವತ್ತೊಂದು ವರ್ಷದಿಂದ ಹ್ಯಾಡಕ್ ಮೀನಿನ ದರ್ಜೆ ಬರೆಯುವವಳು,
ನೀಲಿ ಕೈಗವಸು, ರಬ್ಬರ್ ಬೂಟು, ಕಿವಿಯ ಮೇಲೆ ಪೆನ್ಸಿಲು.
ಸ್ಟಿಕ್ಕರ್ ಓದಲಿಲ್ಲ.
ಮೀನು ಒತ್ತಿ ನೋಡುವ ಅದೇ ಹೆಬ್ಬೆರಳಲ್ಲಿ
ಕೀಲಿಮಣೆಯ ನಟ್ಟನಡುವೆ ಒತ್ತಿದಳು.
ತಾಜಾ ಮೀನು ಚಿಮ್ಮಿ ಮೇಲೆ ಬರುತ್ತದಂತೆ,
ಹಳತರಲ್ಲಿ ಬೆರಳ ಗುಂಡಿ ಹಾಗೇ ಉಳಿಯುತ್ತದಂತೆ.
ಏಳರದ್ದು ಕುಸಿಯಿತು, ಕಿರ್ರೆಂದಿತು.
"ಹೋದ ವಾರದ್ದು" ಅಂದಳು.

ಎರಡನೆಯದು ಇನ್ನೊಂದು ಕುಲದ್ದು. ಬ್ಯಾಟರಿ ಎರಡು ದಿನ,
ಸದ್ದಿಲ್ಲ, ಬಿಸಿಯಿಲ್ಲ, ಋಷಿಯಂಥದ್ದು.
ನಮ್ಮ ತಕ್ಕಡಿಯ ಹಳೆಯ ಪ್ರೋಗ್ರಾಮು
ಅದರೊಡನೆ ಒಂದು ಮಾತೂ ಆಡಲಿಲ್ಲ.

ಮೂರನೆಯದು ದಪ್ಪ, ಕುರೂಪಿ, ಮೆಗ್ನೀಸಿಯಂ ಮೈ,
ಒಳಗೆ ಐದು, ಅದೂ ಹೋದ ವರ್ಷದ ಐದು.
ಕಿವಿರು ಹಿಡಿದು ಎತ್ತುವಂತೆ
ಮುಚ್ಚಳದ ಮೂಲೆ ಹಿಡಿದು ಎತ್ತಿದಳು;
ಕೀಲು ಮಿಸುಕಲಿಲ್ಲ.
ಮಂಜುಗಡ್ಡೆಯ ಪೆಟ್ಟಿಗೆ ಮೇಲಿಟ್ಟು
ಕೈಗವಸಿನಲ್ಲೇ ಕುಟ್ಟಿದಳು. ನೀರು ಸಿಡಿಯಿತು, ಒರೆಸಿದಳು.
ಹತ್ತು ಗಂಟೆಯ ಚಹಾಕ್ಕೆ ನಾನೂರ ಹನ್ನೆರಡು ಪೆಟ್ಟಿಗೆ ದಾಖಲು.
ಹೇಗಿದೆ ಅಂತ ಕೇಳಿದೆ.
"ಇದೆಯಾ? ನೆನಪೇ ಇರಲಿಲ್ಲ" ಅಂದಳು.
ನನ್ನ ಕಾಲಂಗಳಲ್ಲಿ
ಆ ಮಾತಿಗೆ ಜಾಗವಿರಲಿಲ್ಲ.

ವರದಿ ಬರೆದೆ. ತೆಳುವಲ್ಲ, ದಪ್ಪ. ಏಳಲ್ಲ, ಐದು.
ಮಿಕ್ಕ ದುಡ್ಡಿಗೆ ಮೆಮೊರಿ ದುಪ್ಪಟ್ಟು.
ಲೇಬಲ್ಲಿನ ಚಿತ್ರ ಬಿಡಿಸುವ ಇಬ್ಬರಿಗೆ ಮಾತ್ರ ಏಳೇ ಬೇಕು,
ಸುಳ್ಳೇಕೆ, ಅದನ್ನೂ ಬರೆದೆ.
ಸಂಜೆಗೆ ಒಪ್ಪಿಗೆ ಬಂತು, ಅಡಿಯಲ್ಲಿ ಸಣ್ಣ ತಿದ್ದುಪಡಿ:
ತೆಳುವಾದದ್ದೂ ಒಂದಿರಲಿ.
ಯಾರಿಗೆ ಎಂದು ನೈಜೆಲ್ ಬರೆದಿರಲಿಲ್ಲ.

ಈಗ ಮನೆಯಲ್ಲಿ ಇದನ್ನು ಕುಟ್ಟುತ್ತಿದ್ದೇನೆ,
ಒಂಬತ್ತು ವರ್ಷದ ನನ್ನದರಲ್ಲಿ.
ಎಡಗಡೆಯ ಕೀಲು ಮುರಿದಿದೆ. ಪರದೆ ಹಿಂದಕ್ಕೆ ಬೀಳದ ಹಾಗೆ
ಕಂಪನಿ ಕ್ರಿಸ್ಮಸ್ಸಿಗೆ ಕೊಟ್ಟ ಸಾರ್ಡಿನ್ ಡಬ್ಬಿ
ಒರಗಿಸಿಟ್ಟಿದ್ದೇನೆ,
ಒಡೆಯದೇ ಉಳಿದದ್ದು.