ಮಗುಚಿ ನೋಡಿ

ಮಂಗಳೂರಿನ ಐಸು ಮಂಡ್ಯದ ಪೇಟೆಬೀದಿಯಲ್ಲಿ ಕರಗುತ್ತಿತ್ತು.
ಪ್ರಾಕ್ಟಿಕಲ್ಲಿಗೊಂದು ಸೊರ ಬೇಕೆಂದೆ.
ಕೆಂಪಾಜಮ್ಮ ಎತ್ತಿಕೊಟ್ಟಳು:
ಬಾಲ ಸೊರದ್ದೇ, ಬೆನ್ನ ಮೇಲೆ ಎರಡು ರೆಕ್ಕೆ ನೆಟ್ಟಗೆ,
ಮುಂದೆ ಮಾತ್ರ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ.

“ಸೊರಾನೇ” ಅಂದೆ,
ಹದಿನಾರು ವರ್ಷ ಪಾಠ ಹೇಳಿದ ಬಾಯಲ್ಲಿ.

“ಮಗುಚಿ ನೋಡಿ ಮೇಷ್ಟ್ರೇ.
ಕಿವಿರು ಪಕ್ಕೇಲಿದ್ರೆ ಸೊರ,
ಹೊಟ್ಟೆ ತಾವಿದ್ರೆ ತೊರಕೆ.”

ಮಗುಚಿದೆ. ಅಡಿಯಲ್ಲಿ ಐದೈದು ಸೀಳು,
ಎರಡು ಕಣ್ಣು, ಒಂದು ನಗು.
“ಅದು ಕಣ್ಣಲ್ಲ, ಮೂಗು.”
ಅಷ್ಟು ನನಗೂ ಗೊತ್ತಿತ್ತು.

ಪಕ್ಕದ ಬುಟ್ಟಿಯ ಮರಿಸೊರವನ್ನು ಸವರಿದೆ:
ಬಾಲದ ಕಡೆಗೆ ನುಣುಪು,
ತಲೆಯ ಕಡೆಗೆ ಕಬ್ಬಿನ ಗರಿ,
ಬೆರಳು ತರಚಿತು.

ಸಮುದ್ರ ನೋಡಿದ್ದೀಯಾ, ಕೇಳಿದೆ.
“ಕನ್ನಂಬಾಡಿ ಕಟ್ಟೆ ನೋಡಿವ್ನಿ” ಅಂದಳು,
ತಕ್ಕಡಿಗೆ ಬಟ್ಟು ಹಾಕುತ್ತಾ.