ಸೋರುವುದರ ಲೆಕ್ಕ

ಬೆಳಿಗ್ಗೆ ಆರಕ್ಕೆ, ಗುಡ್ಡದ ನೆರಳು ಇನ್ನೂ ಕೊರೆಯುವಾಗ,
ಅಣೆಕಟ್ಟಿನ ಬುಡದಲ್ಲಿ ಕೂತು
ಸೋರುವ ನೀರನ್ನು ಅಳೆಯುತ್ತೇನೆ.
ಕಬ್ಬಿಣದ ತಗಡಿನಲ್ಲೊಂದು ಮುಮ್ಮೂಲೆಯ ಕಚ್ಚು,
ಪಕ್ಕದಲ್ಲಿ ಬಣ್ಣ ಉದುರಿದ ಅಳತೆಪಟ್ಟಿ.
ಇವತ್ತು ಹನ್ನೊಂದೂವರೆ. ನಿನ್ನೆಯೂ ಹನ್ನೊಂದೂವರೆ.
ಬರೆದು, ಗೆರೆ ಎಳೆದು, ಸಹಿ: ಸವ್ರಿನಿಸೊ.

ನನ್ನ ಬೆನ್ನಿಗೆ ಬೆಟ್ಟದಷ್ಟು ಮಣ್ಣು,
ಮಣ್ಣಿನ ಬೆನ್ನಿಗೆ ವಖ್ಶ್ ನದಿ ಇಡಿಯಾಗಿ,
ಮೂಗುದಾರ ಬಿದ್ದ ಹೋರಿಯ ಹಾಗೆ
ಒಂದೇ ಸಮ ಉಸಿರು ಬಿಡುತ್ತ.
ಅಜ್ಜಿಯ ಕಾಲಕ್ಕೆ ಇದೇ ಹೊಳೆ, ಹಿಮ ಕರಗಿದೊಂದು ರಾತ್ರಿ,
ಮುನ್ನೂರು ಕುರಿ, ಒಬ್ಬ ಕುರುಬ, ಅವನ ಕೊಳಲನ್ನೂ
ಹೇಳದೆ ಕೇಳದೆ ಒಯ್ದಿತ್ತು.

ಸೋರುತ್ತದೆ ಅಂದರೆ ನೋಡಬಂದವರು ಬೆಚ್ಚುತ್ತಾರೆ.
ಕೆಲಸ ಕಲಿಸಿದ ಮುದುಕ ದವ್ಲತ್‌ಮಂದ್ ಹೇಳುತ್ತಿದ್ದ:
ಮಣ್ಣಿನ ಕಟ್ಟೆ ಕಾಂಕ್ರೀಟಿನ ಹಾಗಲ್ಲ ಮಗಳೇ,
ಕುಡಿಯುತ್ತದೆ, ಬೆವರುತ್ತದೆ,
ವಯಸ್ಸಾದಂತೆ ಒಂದಿಷ್ಟು ಕುಗ್ಗುತ್ತದೆ.
ಸೋರಿದರೆ ಹೆದರಬೇಡ.
ಸೋರುವುದು ನಿಂತ ದಿನ ನನ್ನನ್ನು ಎಬ್ಬಿಸು.
ನೀರು ಕೆಂಪಾದ ದಿನ ನನ್ನನ್ನು ಎಬ್ಬಿಸುತ್ತ ಕೂರಬೇಡ,
ಊರನ್ನು ಎಬ್ಬಿಸು.

ಅದಕ್ಕೇ ಈ ಗಾಜಿನ ಜಾಡಿ.
ಮೊದಲು ಇದರಲ್ಲಿ ಚೆರ್ರಿ ಮುರಬ್ಬ ಇತ್ತು.
ತುಂಬಿಸಿ, ಬಿಸಿಲಿಗೆ ಹಿಡಿದು,
ಚಹಾ ಆರುವಷ್ಟು ಹೊತ್ತು ಕಾಯುತ್ತೇನೆ,
ತಳದಲ್ಲಿ ಚಿಟಿಕೆ ಮಣ್ಣು ಕೂತೀತೇ ಎಂದು.
ಮೂವತ್ತೊಂದು ವರ್ಷದಿಂದ ಕೂತಿಲ್ಲ.
ಏನೂ ಆಗಲಿಲ್ಲವೆಂದು ದಿನವೂ ಬರೆದಿಡುವುದು,
ಅದಕ್ಕೆ ನನಗೆ ಸಂಬಳ.

ಒಳಗೆ ನಟ್ಟನಡುವೆ ಜೇಡಿಯ ಗೋಡೆ.
ಅಪ್ಪ ಅದಕ್ಕೆ ಲಾರಿಯಲ್ಲಿ ಜೇಡಿ ಸುರಿದವನು.
ರಾತ್ರಿಪಾಳಿಯಲ್ಲಿ ಎಡಗಾಲ ಬೂಟು ಹೂತುಹೋಗಿ
ಕಿತ್ತುಕೊಳ್ಳುವಷ್ಟರಲ್ಲಿ ರೋಲರ್ ಬಂದೇಬಿಟ್ಟಿತಂತೆ.
ಕುಂಟುತ್ತ ಮನೆಗೆ ಬಂದವನನ್ನು ಅಮ್ಮ ಕೇಳಿದ್ದು ಇಷ್ಟೇ:
ಇನ್ನೊಂದನ್ನು ಯಾಕೆ ತಂದೆ?

ಅಕ್ಕ ಓಯ್ಷಾಳನ್ನು ಕೊಟ್ಟದ್ದು ಕೆಳಗೆ, ಹತ್ತಿಯ ಸೀಮೆಗೆ.
ಆಗ ಒಂದೇ ದೇಶ. ಆಮೇಲೆ ಎರಡು.
ದಾರಿಗೆ ತಂತಿಬೇಲಿ, ಕಾಗದ, ಮುದ್ರೆ.
ಅಮ್ಮ ಸತ್ತಾಗಲೂ ಅವಳಿಗೆ ಬರಲಾಗಲಿಲ್ಲ.
ತವರಿನಿಂದ ನೀರೊಂದೇ
ಕಾಗದ ತೋರಿಸದೆ ಅವಳ ಹೊಲದವರೆಗೆ ಹೋಗುತ್ತಿತ್ತು.

ಜೂನ್ ಬಂತೆಂದರೆ ಫೋನು:
ಹತ್ತಿ ಬಾಡುತ್ತಿದೆ, ಬಾಗಿಲು ಯಾವಾಗ ತೆಗೆಯುತ್ತೀರಿ?
ಬಾಗಿಲ ಕೀಲಿ ನನ್ನ ಸೊಂಟದಲ್ಲಿದೆಯೆಂದೇ ಅವಳ ನಂಬಿಕೆ.
ಜನವರಿಯಲ್ಲಿ ನನ್ನ ಸರದಿ:
ಟರ್ಬೈನಿನ ಮಗ್ಗುಲಲ್ಲೇ ಮಲಗಿ ಕತ್ತಲೆಯಲ್ಲಿದ್ದೇವೆ,
ಮೊಮ್ಮಗನಿಗೆ ಮೂರು ಕೌದಿ ಸುತ್ತಿದ್ದೇನೆ,
ಇದ್ದ ನೀರನ್ನೆಲ್ಲ ಬೇಸಿಗೆಯಲ್ಲೇ ಕುಡಿದಿರಲ್ಲ!
ಅವಳು ಬಿಡುತ್ತಾಳೆಯೇ? ದೀಪಕ್ಕೆಂದು ಹೋದ ವರ್ಷ ನೀವು ಬಿಟ್ಟ ನೀರು
ಮಂಜುಗಡ್ಡೆ ಸಮೇತ ನಮ್ಮ ಕೊಟ್ಟಿಗೆಗೆ ನುಗ್ಗಿತು, ಗೊತ್ತೇ?
ಆಮೇಲೆ ಇಬ್ಬರೂ ಸುಮ್ಮನೆ,
ಫೋನು ಇಡಲು ಮನಸ್ಸಾಗದೆ.

ಗಡಿ ತೆರೆದ ಮರುವಸಂತಕ್ಕೆ ಬಂದಳು,
ಒಣಗಿಸಿದ ಕರಬೂಜದ ಜಡೆ ಕಂಕುಳಲ್ಲಿ.
ನಾನು ಮುದುಕಿಯಾಗಿದ್ದೇನೆಂದು ಅವಳೇ ಹೇಳಿದಳು.
ಬಾಗಿಲು ತೋರಿಸು ಅಂದಳು. ಇಲ್ಲಿಗೆ ಕರೆತಂದೆ.
ಕಚ್ಚು, ಪಟ್ಟಿ, ಜಾಡಿ.
ಇಷ್ಟೇನಾ? ಅಂದಳು.

ಇದು ಯಾರೂ ಬಿಟ್ಟ ನೀರಲ್ಲ ಅಕ್ಕ,
ನಿಮ್ಮ ಬೇಸಿಗೆಗೂ ನಮ್ಮ ಚಳಿಗೂ ಸೇರಿದ್ದಲ್ಲ.
ಕಲ್ಲು ಮರಳು ಜೇಡಿ ದಾಟಿ
ತಾನಾಗಿ ಬಂದದ್ದು.

ಜಾಡಿಯೆತ್ತಿ ಗಟಗಟ ಕುಡಿದುಬಿಟ್ಟಳು,
ನಾನಿನ್ನೂ ಬಿಸಿಲಿಗೆ ಹಿಡಿದು ನೋಡಿರಲಿಲ್ಲ.
ಮುಖ ಸಿಂಡರಿಸಿದಳು:
ಅಪ್ಪನ ಬೂಟಿನ ವಾಸನೆ.

ನಗು ತಡೆಯಲಾಗಲಿಲ್ಲ. ಜಾಡಿ ಮತ್ತೆ ತುಂಬಿಸಿ,
ಬಿಸಿಲಿಗೆ ಹಿಡಿದು, ಕಾದೆ.
ಚಹಾ ಆರುವಷ್ಟು ಹೊತ್ತು
ಅವಳೂ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು
ತಳವನ್ನೇ ನೋಡಿದಳು.