ಅರ್ಧ ನೂಲು

ಐಸ್ ಫ್ಯಾಕ್ಟರಿ ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದೆ:
ಒಂಬತ್ತು ಅಂತಸ್ತು, ಅಂತಸ್ತಿಗೆ ಎರಡು ಡಬ್ಬಿ,
ಹಿಂದೆ ಗಾಳಿಯಾಡಲು ನಾಲ್ಕು ಬೆರಳು.
ಕೋಳಿಗೂಡಾ ಮೇಸ್ತ್ರಿ? ಅಂದ ಪಕ್ಕದ ವೆಲ್ಡಿಂಗಿನ ಇನಾಸ.
ಹಾವಿಗೆ, ಅಂದೆ.
ಕಿಡಿ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ,
ಬಿಲ್ಲನ್ನಲ್ಲ, ನನ್ನನ್ನು ನೋಡಿದ.

ಫಾರೆಸ್ಟ್ ಗಾರ್ಡ್ ವೃಷಾಲಿ ಗುನಗಿ
ಬಕೆಟ್ಟನ್ನು ಸ್ಕೂಟಿಯ ಕಾಲಬಳಿ ಇಟ್ಟು
ಹೊಂಡಹೊಂಡಕ್ಕೂ ಬ್ರೇಕು ಒತ್ತುತ್ತ ಬಂದಿದ್ದಳು.
ಜೆಸಿಬಿಯ ಹಲ್ಲಿಗೆ ಸಿಕ್ಕ ಹುತ್ತವಂತೆ.
ತೆಂಗಿನ ನಾರಿನ ಪುಡಿಯಲ್ಲಿ ಕೇರೆಯ ಮೊಟ್ಟೆ ಹದಿನೇಳು,
ಮೇಲ್ಮುಖ ತಪ್ಪದಂತೆ ಒಂದೊಂದಕ್ಕೂ ಪೆನ್ನಿನ ಚುಕ್ಕೆ.
“ಮರಿ ಬಂದ ಮೇಲೆ ಒಂದೊಂದಕ್ಕೆ ಒಂದು ಕೋಣೆ ಬೇಕು, ಮಾಮಾ.
ಮೊದಲ ಪೊರೆ ಬಿಡುವ ತನಕ. ಆಮೇಲೆ ಕಾಡು.
ಆಫೀಸಿನ ಬಜೆಟ್ಟು...” ಎಂದು ನಿಲ್ಲಿಸಿದಳು.
ಬಜೆಟ್ಟಿನ ಮಾತು ಆಮೇಲೂ ಬರಲಿಲ್ಲ.

ಬೈತಕೋಲದಲ್ಲಿ ಒಡೆಯಲೆಂದು ಎಳೆದಿಟ್ಟ ಟ್ರಾಲರು,
ಅದರ ಕ್ಯಾಬಿನ್ನಿನ ಪ್ಲೈವುಡ್ಡು ತಂದು ಕೊಯ್ದೆ.
ದೋಣಿಯ ಹೆಸರು ತುಂಡಾಯಿತು:
‘ಜ’ ಮೂರನೆಯ ಅಂತಸ್ತಿನಲ್ಲಿ, ತಲೆಕೆಳಗು;
‘ಲ’ ಗರಗಸಕ್ಕೆ ಹೊಟ್ಟು;
‘ಪದ್ಮ’ ಮಾತ್ರ ಹಿಂಬದಿಯ ಹಲಗೆಯಲ್ಲಿ
ಒಳಮುಖವಾಗಿ, ನೆಟ್ಟಗೆ ಕೂತಿತು.

ಡಬ್ಬಿ ಭಾನುವಾರದ ಸಂತೆಯದ್ದು.
ಮುಚ್ಚಳ ಬೇಡ ಅಂದರೂ ಅಂಗಡಿಯವ
ಹತ್ತು ರೂಪಾಯಿ ಬಿಡಲಿಲ್ಲ.
ಹದಿನೆಂಟು ಮುಚ್ಚಳವೂ ಮನೆ ಸೇರಿ
ಪ್ರಮೀಳೆಯ ಮುರುಗಲ ಸಿಪ್ಪೆ ಒಣಗಿಸಿದವು;
ಇಡೀ ಕೆಲಸದಲ್ಲಿ ಅವಳು ಒಪ್ಪಿದ್ದು ಅದೊಂದನ್ನೇ.

ಮೇಲಿನ ಹಲಗೆಯೇ ಕೆಳಗಿನ ಡಬ್ಬಿಗೆ ಮುಚ್ಚಳ.
ಅಂಚಿಗೂ ಹಲಗೆಗೂ ನಡುವೆ
ಅರ್ಧ ನೂಲು.
ಎರಡಾದರೆ ಮರಿ ತಲೆ ತೂರಿಸುತ್ತದೆ,
ತಲೆ ಹೋದಲ್ಲಿ ಉಳಿದದ್ದು ಹೋಗಿಯೇ ಹೋಗುತ್ತದೆ.
ಏನೂ ಇಲ್ಲವಾದರೆ ಡಬ್ಬಿ ಜಾರುವುದಿಲ್ಲ.
ನಲವತ್ತು ವರ್ಷ ದೋಣಿ ಮಾಡಿದ್ದೇನೆ,
ಸಂದು ಅಂದರೇನೆಂದು ನನಗೆ ಹೇಳಬೇಡಿ.
ಅಲ್ಲಿ ಸಮುದ್ರ ಹೊರಗಿರಬೇಕು,
ಇಲ್ಲಿ ಕಿರುಬೆರಳಿಗಿಂತ ಸಪೂರದ ಒಂದು ಜೀವ, ಒಳಗೆ.

ಡಬ್ಬಿಗೆ ಇಪ್ಪತ್ತು ತೂತು, ಕಾದ ಮೊಳೆಯಲ್ಲಿ,
ಒಳಗಿನಿಂದ ಹೊರಕ್ಕೆ.
ಚೂಪು ಒಳಗುಳಿದರೆ ಮರಿಯ ಮೂತಿ ತರಚುತ್ತದಂತೆ.

ರಾತ್ರಿ ಪಾಲಿಶ್ ಪೇಪರು ತಿಕ್ಕುತ್ತ ನಗು ಬಂತು.
ಆಯಸ್ಸೆಲ್ಲ ಗೆದ್ದಲಿನ ಜೊತೆ ಜಗಳ ಕಾದವ,
ಟಾರು, ಗೇರೆಣ್ಣೆ, ಸೀಮೆಎಣ್ಣೆ ಬಳಿದು ಬಳಿದು ಕೈ ಕಪ್ಪಾದವ,
ಈಗ ಹಾವಿಗೆ ಹುತ್ತ ಕಟ್ಟುವ ಗೆದ್ದಲು
ನಾನೇ ಆದೆನಲ್ಲ.

ಏಪ್ರಿಲಿನಲ್ಲಿ ಡಬ್ಬಿ ಬೆಣ್ಣೆಯಂತೆ ಜಾರುತ್ತಿತ್ತು.
ಜೂನು ಬಂತು. ಮರಿಗಳು ಬಂದವು, ಪ್ಲೈವುಡ್ಡು ಉಬ್ಬಿತು,
ಎರಡೂ ಒಂದೇ ವಾರ.
ಆರು ಡಬ್ಬಿ ಜಗ್ಗಿದರೂ ಅಲುಗವು.
ಒಳಗಿಂದ ಹಲಗೆಗೆ ಮೂತಿ ತಾಗುವ ಸದ್ದು,
ಉಗುರಿನಿಂದ ಮೇಜು ತಟ್ಟಿದಷ್ಟು.
ಪಕ್ಕದ ಸ್ಕ್ರೂ ಸಡಿಲಿಸಿ, ಪೇಪರು ಸುತ್ತಿದ ಪಟ್ಟಿ ಸಂದಿಗಿಟ್ಟು
ಉಸಿರು ಬಿಗಿಹಿಡಿದು ತಿಕ್ಕಿದೆ.
ಬೇಸಗೆಯಲ್ಲಿ ಅಳೆದವನ ತಪ್ಪು ಅದು, ಮರದ್ದಲ್ಲ.

ವೃಷಾಲಿ ಬಂದು ಎಣಿಸಿದಳು. ಹದಿನಾರು.
ಮತ್ತೆ ಎಣಿಸಿದಳು. ನಾನೂ ಎಣಿಸಿದೆ.
ಇನಾಸ ಬಾಗಿಲಲ್ಲೇ ನಿಂತು, ಕಾಲು ಎತ್ತಿ ಎತ್ತಿ ಇಡುತ್ತ, ಎಣಿಸಿದ.
ಹದಿನಾರನ್ನು ಕದ್ರಾ ದಾರಿಯ ಕಾಡಿಗೆ ಬಿಟ್ಟು ಬಂದೆವು.
ರಿಜಿಸ್ಟರಿನಲ್ಲಿ ಒಂದರ ಮುಂದೆ ಅವಳು ಗೆರೆ ಎಳೆದಳು.

ದಸರೆಗೆ ಆಯುಧ ತೊಳೆಯುವ ದಿನ
ಖಾಲಿ ಡಬ್ಬಿಗಳನ್ನೂ ಎಳೆದು ಒರೆಸಹೊರಟರೆ
ಹಿಂದೆ, ಗಾಳಿಗೆಂದು ಬಿಟ್ಟ ನಾಲ್ಕು ಬೆರಳಿನಲ್ಲಿ,
‘ಪದ್ಮ’ಕ್ಕೆ ಆತುಕೊಂಡು
ಒಂದು ಪೊರೆ. ಎಲ್ಲೂ ಹರಿಯದ್ದು. ಕಣ್ಣಿನ ಗುಳ್ಳೆ ಸಮೇತ.
ಟೇಪು ಹಿಡಿದೆ: ಇಪ್ಪತ್ತೆರಡು ಇಂಚು, ಮೂರು ನೂಲು.
ಐಸ್ ಬಿಲ್ಲಿನ ಬೆನ್ನಿಗೆ ಬರೆದಿಟ್ಟೆ.
ವೃಷಾಲಿಗೆ ಇನ್ನೂ ಹೇಳಿಲ್ಲ.
ಪ್ರಮೀಳೆಗಂತೂ ಇಲ್ಲ.